ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ? ಬರೀ ಉಪ್ಪುನೀರು ಕುಡಿದ್ರೆ ಆಗಲ್ವಾ?

ಪಿಯುಸಿ ಅಮ್ಮ:
ಮಗಳು ಫಸ್ಟ್ ಪಿಯು ಸೈನ್ಸು. ಡಿಫ್ಯೂಷನ್, ಆಸ್ಮಾಸಿಸ್, ಆ್ಯಕ್ಟಿವ್ ಟ್ರಾನ್ಸ್‌ಪೋರ್ಟ್ ಅಂತ ಮೂರು ಕಾಲಂ ಹಾಕ್ಕೊಂಡು ಗಟ್ಟು ಹೊಡೀತಾ ಕೂತಿದ್ಲು, ಮಧ್ಯದಲ್ಲಿ ಎದ್ದು ಬಂದು ಕೇಳಿದ್ಲು, ಭೇದಿ ಆದಾಗ ಮೈಯಿಂದ ಹೋಗೋದು ನೀರು ಮತ್ತೆ ಉಪ್ಪು, ಹಂಗಿದ್ಮೇಲೆ ನೀರು ಉಪ್ಪು ವಾಪಸ್ ಕೊಟ್ರೆ ಮುಗೀತಲ್ವಾ, ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಯಾಕೆ ಅಂತ. ಶಕ್ತಿ ಬರ್ಲಿ ಅಂತ ಹಾಕ್ತಾರೆ ಅಂತಾರಲ್ಲ ಎಲ್ಲರೂ. ಅವಳು ಪ್ಯಾಕೆಟ್ ಹಿಂದೆ ಓದಿ, ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸು, ಇದ್ರಲ್ಲಿ ಯಾವ ಶಕ್ತಿ ಬರುತ್ತೆ ಒಂದು ಬಾಳೆಹಣ್ಣಲ್ಲಿ ಇದಕ್ಕಿಂತ ಜಾಸ್ತಿ ಇರುತ್ತೆ ಅಂತಾಳೆ. ಯಾರಾದ್ರೂ ಸರಿಯಾಗಿ ಬಿಡಿಸಿ ಹೇಳ್ತೀರಾ, ಮೇಡಂ ಸಿಲಬಸ್‌ನಲ್ಲಿ ಇಲ್ಲ ಅಂದ್ರಂತೆ.

ರುಚಿಗೆ ತಕ್ಕಷ್ಟು:
ರುಚಿಗೆ ಹಾಕಿರ್ತಾರೆ ಅಷ್ಟೇ, ಬರೀ ಉಪ್ಪುನೀರು ಯಾವ ಮಗು ಕುಡಿಯುತ್ತೆ

ಲ್ಯಾಬ್ ಇಲಿ:
ರುಚಿಗೂ ಅಲ್ಲ, ಶಕ್ತಿಗೂ ಅಲ್ಲ. ನಿಮ್ಮ ಮಗಳ ಪ್ರಶ್ನೆ ಚೆನ್ನಾಗಿದೆ, ಆ ಮೂರು ಕಾಲಂ ಅಳಿಸಿ ಹಾಕೋಕೆ ಇದೊಂದೇ ಪ್ರಶ್ನೆ ಸಾಕು.

ಮೊದ್ಲು ಒಂದು ವಿಷ್ಯ ತಲೇಲಿ ಕೂರಿಸ್ಕೊಳ್ಳಿ, ನಮ್ಮ ದೇಹದಲ್ಲಿ ನೀರಿಗೆ ಅಂತ ಪಂಪೇ ಇಲ್ಲ. ಎಟಿಪಿ, ಅಂದ್ರೆ ಕೋಶಕ್ಕೆ ಶಕ್ತಿ ಕೊಡೋ ಅಣು, ಅದನ್ನ ಖರ್ಚು ಮಾಡಿ ನೀರನ್ನೇ ನೇರವಾಗಿ ಎಳ್ಕೊಳ್ಳೋ ಯಂತ್ರ ಯಾವ ಜೀವಕೋಶದಲ್ಲೂ ಇಲ್ಲ. ಕರಗಿದ ಪದಾರ್ಥ ಯಾವ ಕಡೆ ಜಾಸ್ತಿ ಇದೆಯೋ ನೀರು ಆ ಕಡೆಗೆ ಸರಿಯುತ್ತೆ, ಆಸ್ಮಾಸಿಸ್ ಅಂದ್ರೆ ಅಷ್ಟೇ. ಅಂದ್ರೆ ಕರುಳಿನಿಂದ ರಕ್ತಕ್ಕೆ ನೀರು ಹೋಗ್ಬೇಕು ಅಂದ್ರೆ ಮೊದ್ಲು ಏನಾದ್ರೂ ಕರಗಿದ್ದು ಆ ಕಡೆ ದಾಟ್ಬೇಕು, ಮುಖ್ಯವಾಗಿ ಸೋಡಿಯಂ. ಈಗ ಸೋಡಿಯಂ ಕಥೆ ನೋಡಿ. ಕೋಶದ ಪೊರೆ ಅನ್ನೋದು ಎರಡು ಪದರದ ಕೊಬ್ಬು, ದಪ್ಪ ಸುಮಾರು 5 ನ್ಯಾನೋಮೀಟರ್ ಅಷ್ಟೇ, ಆಕ್ಸಿಜನ್ನು ಕಾರ್ಬನ್ ಡೈಆಕ್ಸೈಡು ಅದರೊಳಗಿಂದ ಸಲೀಸಾಗಿ ನುಸುಳ್ತವೆ, ಆದ್ರೆ ಸೋಡಿಯಂಗೆ ಚಾರ್ಜ್ ಇದೆ, ಚಾರ್ಜ್ ಇರೋದಕ್ಕೆ ಕೊಬ್ಬು ಆಗಲ್ಲ, ಎಷ್ಟೇ ಸಣ್ಣದಾಗಿದ್ರೂ ದಾಟೋಕೆ ಪ್ರೋಟೀನಿನ ದಾರಿ ಬೇಕೇ ಬೇಕು.

ಸಣ್ಣ ಕರುಳಿನ ಕೋಶದ ಮೇಲೆ ಎಸ್‌ಜಿಎಲ್‌ಟಿ1 ಅಂತ ಒಂದು ಪ್ರೋಟೀನ್ ಇದೆ. ಅದರ ವಿಚಿತ್ರ ಏನಂದ್ರೆ ಎರಡು ಸೋಡಿಯಂ ಜೊತೆಗೆ ಒಂದು ಗ್ಲೂಕೋಸ್ ಸಿಕ್ಕಿದ್ರೆ ಮಾತ್ರ ತಿರುಗಿ ಒಳಗೆ ಬಿಡುತ್ತೆ. ಗ್ಲೂಕೋಸ್ ಇಲ್ಲದೆ ಸೋಡಿಯಂ ಈ ದಾರಿಯಲ್ಲಿ ಹೋಗಲ್ಲ, ಸೋಡಿಯಂ ಇಲ್ಲದೆ ಗ್ಲೂಕೋಸೂ ಹೋಗಲ್ಲ. ಜೋಡಿ ಒಳಗೆ ಹೋದ್ಮೇಲೆ ಗ್ಲೂಕೋಸು ಆ ಕಡೆ ಗೋಡೆಯಲ್ಲಿರೋ ಗ್ಲುಟ್2 ಅನ್ನೋ ಇನ್ನೊಂದು ಪ್ರೋಟೀನ್ ಮೂಲಕ ರಕ್ತಕ್ಕೆ ಇಳಿಯುತ್ತೆ, ಸೋಡಿಯಮ್ಮನ್ನ ಅದೇ ಗೋಡೆಯಲ್ಲಿರೋ ಪಂಪ್ ರಕ್ತದ ಕಡೆಗೆ ತಳ್ಳುತ್ತೆ, ನೀರು ಹಿಂದೇನೇ ಹೋಗುತ್ತೆ. ಓಆರ್‌ಎಸ್‌ನ ಗ್ಲೂಕೋಸ್ ಇರೋದು ಇದಕ್ಕೆ.

ಅಡ್ಡಪ್ರಶ್ನೆ:
ಒಂದು ನಿಮಿಷ. ದಿನಾ ನಾವು ಸಾರು ಮಜ್ಜಿಗೆ ಎಲ್ಲಾ ಉಪ್ಪು ಹಾಕ್ಕೊಂಡು ಕುಡಿತೀವಿ, ಅದೆಲ್ಲ ಒಳಗೆ ಹೋಗ್ತಾನೇ ಇರುತ್ತಲ್ಲ. ಹಂಗಾದ್ರೆ ಸಕ್ಕರೆ ಇಲ್ಲದೇನೂ ಉಪ್ಪಿಗೆ ಬೇರೆ ದಾರಿ ಇದೆ ಅಂತಾಯ್ತು. ಆ ದಾರಿಗೇನಾಯ್ತು? ಇನ್ನೊಂದು, ಭೇದಿ ಅಂದ್ರೆ ಕರುಳೇ ಕೆಟ್ಟಿರುತ್ತೆ, ನೀವು ಹೇಳೋ ಪ್ರೋಟೀನ್ ಮಾತ್ರ ಹೇಗೆ ನೆಟ್ಟಗಿರುತ್ತೆ?

ಲ್ಯಾಬ್ ಇಲಿ:
ಇದು ಕೇಳ್ಬೇಕಾದ ಪ್ರಶ್ನೆ. ಬೇರೆ ದಾರಿ ಇದೆ, ಸೋಡಿಯಂ ಕ್ಲೋರೈಡ್ ಎರಡನ್ನೂ ಒಟ್ಟಿಗೆ ಒಳಗೆ ತಗೊಳ್ಳೋ ವಾಹಕ ಪ್ರೋಟೀನುಗಳ ಜೋಡಿ, ಆರೋಗ್ಯವಾಗಿರೋವಾಗ ಅದು ದೊಡ್ಡ ಕೆಲ್ಸ ಮಾಡುತ್ತೆ. ಕಾಲರಾ ಬಂದಾಗ ಏನಾಗುತ್ತೆ ಅಂದ್ರೆ, ಬ್ಯಾಕ್ಟೀರಿಯಾ ಕರುಳಿನ ಕೋಶವನ್ನ ಕೊಲ್ಲೋದೂ ಇಲ್ಲ ಒಳಗೆ ನುಗ್ಗೋದೂ ಇಲ್ಲ, ಮೇಲೆ ಕೂತು ಒಂದು ವಿಷ ಬಿಡುತ್ತೆ. ಕೋಶ ಕೊಳೆತು ಭೇದಿ ಆಗೋದಲ್ಲ, ವಿಷದಿಂದ ನೀರು ಸುರಿಯೋದು ಅಂತ ತೋರಿಸಿದ್ದು ಕಲ್ಕತ್ತಾದ ಶಂಭುನಾಥ ಡೇ, 1959ರಲ್ಲಿ, ಬ್ಯಾಕ್ಟೀರಿಯಾನೇ ಇಲ್ಲದ ಸೋಸಿದ ದ್ರವವನ್ನ ಮೊಲದ ಕರುಳಿಗೆ ಹಾಕಿ. ಅವರಿಗೆ ಸಿಗಬೇಕಾದ ಮರ್ಯಾದೆ ಬದುಕಿದ್ದಾಗ ಸಿಗಲಿಲ್ಲ ಅನ್ನೋದು ನನ್ನ ಹೊಟ್ಟೆಯುರಿ, ಇರ್ಲಿ.

ಆ ವಿಷ ಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶದ ಅಣುವನ್ನ ಏರಿಸಿಬಿಡುತ್ತೆ. ಎರಡು ಅನಾಹುತ ಒಟ್ಟಿಗೆ ಆಗ್ತವೆ. ಸಿಎಫ್‌ಟಿಆರ್ ಅನ್ನೋ ಕ್ಲೋರೈಡ್ ಚಾನೆಲ್ ತೆರೆದೇ ಇರುತ್ತೆ, ಕ್ಲೋರೈಡ್ ಕರುಳಿಗೆ ಸುರಿಯುತ್ತೆ, ಹಿಂದೆ ಸೋಡಿಯಂ, ಅದರ ಹಿಂದೆ ನೀರು, ಜೋರಿದ್ದಾಗ ಗಂಟೆಗೆ ಒಂದು ಲೀಟರ್ ವರೆಗೂ. ಅದೇ ಸಮಯಕ್ಕೆ ನೀವು ಹೇಳಿದ ಆ ಮಾಮೂಲಿ ಉಪ್ಪಿನ ದಾರಿ ಬಂದ್ ಆಗುತ್ತೆ. ಆದ್ರಿಂದ ಬರೀ ಉಪ್ಪುನೀರು ಕುಡಿಸಿದ್ರೆ ಅದು ಕರುಳಲ್ಲೇ ನಿಂತು ಹಂಗೇ ಹೊರಗೆ ಹೋಗುತ್ತೆ. ಆದ್ರೆ ಎಸ್‌ಜಿಎಲ್‌ಟಿ1 ಮೇಲೆ ಸೈಕ್ಲಿಕ್ ಎಎಂಪಿ ಆಟ ನಡೆಯಲ್ಲ, ಅದು ತನ್ನ ಪಾಡಿಗೆ ಕೆಲ್ಸ ಮಾಡ್ತಾನೇ ಇರುತ್ತೆ. ಮುಖ್ಯವಾಗಿ ಉಳಿಯೋ ಬಾಗಿಲು ಅದೇ, ಅದಕ್ಕೆ ಗ್ಲೂಕೋಸ್ ಕೊಡ್ಲೇಬೇಕು. ರೋಟಾವೈರಸ್ ಆದ್ರೆ ಕಥೆ ಬೇರೆ, ಅಲ್ಲಿ ಕೋಶಗಳು ನಿಜವಾಗ್ಲೂ ಸಾಯ್ತವೆ, ಆದ್ರೆ ಎಲ್ಲಾ ಕಡೆ ಅಲ್ಲ, ಅಲ್ಲಲ್ಲಿ, ಉಳಿದಿರೋ ಕೋಶಗಳೇ ಸಾಕಾಗುತ್ತೆ.

ಪಿಯುಸಿ ಅಮ್ಮ:
ಅಬ್ಬಾ. ಇದನ್ನ ಮಗಳಿಗೆ ಓದಿ ಹೇಳ್ದೆ, ತಕ್ಷಣ ಅವಳ ಇನ್ನೊಂದು ಪ್ರಶ್ನೆ: ಈ ಎಸ್‌ಜಿಎಲ್‌ಟಿ ಆ್ಯಕ್ಟಿವ್ ಕಾಲಂಗಾ ಪ್ಯಾಸಿವ್ ಕಾಲಂಗಾ, ಎಟಿಪಿ ಖರ್ಚಾಗೋ ಹಾಗೆ ಕಾಣಲ್ಲ, ಆದ್ರೆ ಗ್ಲೂಕೋಸು ಕಮ್ಮಿ ಇರೋ ಕಡೆಯಿಂದ ಜಾಸ್ತಿ ಇರೋ ಕಡೆಗೂ ಹೋಗುತ್ತೆ ಅಂತಾರಲ್ಲ.

ನಿವೃತ್ತ ಮೇಷ್ಟ್ರು:
ನಾನು ಬಹಳ ವರ್ಷ ಬಯಾಲಜಿ ಪಾಠ ಮಾಡಿದವನು, ಇದಕ್ಕೆ ನಾನೇ ಉತ್ತರ ಕೊಡ್ತೀನಿ. ಹುಡುಗಿಗೆ ಹೇಳಿ, ಮನೆ ಮೇಲಿನ ಓವರ್‌ಹೆಡ್ ಟ್ಯಾಂಕ್ ನೋಡು ಅಂತ. ಮೋಟಾರು ಕರೆಂಟ್ ತಿಂದು ಟ್ಯಾಂಕ್ ತುಂಬಿಸುತ್ತೆ, ಆಮೇಲೆ ಕೆಳಗೆ ನಲ್ಲಿ ತಿರುಗಿಸಿದಾಗ ಕರೆಂಟ್ ಇಲ್ಲದೇನೂ ನೀರು ಬರುತ್ತೆ, ಆ ಬೀಳೋ ನೀರಿಗೆ ಒಂದು ಚಕ್ರ ಹಿಡಿದ್ರೆ ಅದೂ ತಿರುಗುತ್ತೆ. ಕೋಶದಲ್ಲಿ ಮೋಟಾರು ಅಂದ್ರೆ ಸೋಡಿಯಂ ಪೊಟ್ಯಾಸಿಯಂ ಪಂಪು. ಒಂದು ಎಟಿಪಿ ಖರ್ಚಾದ್ರೆ ಮೂರು ಸೋಡಿಯಂ ಆಚೆ, ಎರಡು ಪೊಟ್ಯಾಸಿಯಂ ಈಚೆ. ಇದರಿಂದಾಗಿ ಕೋಶದ ಹೊರಗೆ ಸೋಡಿಯಂ ಲೀಟರಿಗೆ 140 ಮಿಲಿಮೋಲ್ ಆಸುಪಾಸು ಇದ್ರೆ ಒಳಗೆ ಹತ್ತು ಹದಿನೈದರಷ್ಟೇ ಇರುತ್ತೆ. ಆ ವ್ಯತ್ಯಾಸದಿಂದ ಸೋಡಿಯಂ ಒಳಗೆ ಬೀಳೋಕೆ ಕಾಯ್ತಾ ಇರುತ್ತೆ, ಬೀಳುವಾಗ ಗ್ಲೂಕೋಸನ್ನ ಜೊತೆಗೆ ಎಳ್ಕೊಂಡು ಹೋಗುತ್ತೆ. ಎಸ್‌ಜಿಎಲ್‌ಟಿ ತಾನು ಎಟಿಪಿ ಮುಟ್ಟಲ್ಲ, ಆದ್ರೆ ಮೋಟಾರ್ ನಿಲ್ಲಿಸಿದ್ರೆ ಸ್ವಲ್ಪ ಹೊತ್ತಲ್ಲೇ ಇದೂ ನಿಲ್ಲುತ್ತೆ. ಇದಕ್ಕೆ ಸೆಕೆಂಡರಿ ಆ್ಯಕ್ಟಿವ್ ಟ್ರಾನ್ಸ್‌ಪೋರ್ಟ್ ಅಂತ ಹೆಸರು. ಪರೀಕ್ಷೇಲಿ ಹಾಗೇ ಬರೀಲಿ, ಯಾರೂ ಮಾರ್ಕ್ಸ್ ಕಳೆಯೋಕೆ ಆಗಲ್ಲ.

ಈ ಪಂಪ್ ಕಂಡುಹಿಡಿದದ್ದು ಡೆನ್ಮಾರ್ಕಿನ ಯೆನ್ಸ್ ಸ್ಕೋ, 1957ರಲ್ಲಿ ಏಡಿಯ ನರದ ಮೇಲೆ ಕೆಲಸ ಮಾಡ್ತಾ. ನೊಬೆಲ್ ಬಂದಿದ್ದು 1997ಕ್ಕೆ, ನಲವತ್ತು ವರ್ಷ ಬಿಟ್ಟು. ಸೋಡಿಯಂ ಗ್ಲೂಕೋಸ್ ಜೋಡಿಯಾಗಿ ಹೋಗ್ತವೆ ಅನ್ನೋ ಯೋಚನೆ ಅಮೆರಿಕದ ರಾಬರ್ಟ್ ಕ್ರೇನ್ ಅವರದು, 1960ರ ಆಗಸ್ಟಲ್ಲಿ ಪ್ರಾಗ್‌ನ ಒಂದು ಸಭೇಲಿ ಮುಂದಿಟ್ಟರು.

ಸಿಲಬಸ್ ಮಾತು ಬಂತಲ್ಲ, ಎನ್‌ಸಿಇಆರ್‌ಟಿಯವರು 2022ರಲ್ಲಿ ಹೊರೆ ಇಳಿಸ್ತೀವಿ ಅಂತ ಹನ್ನೊಂದನೇ ಕ್ಲಾಸಿನ ಬಯಾಲಜಿಯಿಂದ ಗಿಡಗಳಲ್ಲಿ ಸಾಗಣೆ ಅನ್ನೋ ಪಾಠಾನೂ ಜೀರ್ಣಕ್ರಿಯೆ ಪಾಠಾನೂ ತೆಗೆದುಹಾಕಿದ್ರು. ಪೊರೆ ದಾಟೋ ಕಥೆ ಮಕ್ಕಳಿಗೆ ಕಣ್ಣಿಗೆ ಕಾಣೋ ಹಾಗೆ ಸಿಗ್ತಿದ್ದಿದ್ದೇ ಆ ಎರಡು ಪಾಠದಲ್ಲಿ. ಈಗ ಉಳಿದಿರೋದು ಕೋಶದ ಪಾಠದ ಒಂದೆರಡು ಪ್ಯಾರಾ. ನನಗಂತೂ ಇದು ಯಾವ ಬುದ್ಧಿವಂತಿಕೆಯೋ ಗೊತ್ತಾಗಲಿಲ್ಲ.

ಕುಡ್ಲದ ಮಾಣಿ:
ಪಂಪಿನ ಮಾತು ಬಂದದ್ದಕ್ಕೆ ಒಂದು, ನಮ್ಮ ಊರಲ್ಲೆಲ್ಲ ಬೇಲಿಗೆ ಕಣಗಿಲೆ ಉಂಟಲ್ಲ, ದನ ಕೂಡ ಮುಟ್ಟುದಿಲ್ಲ. ಅದರ ವಿಷ ಹಿಡಿಯುವುದು ಇದೇ ಸೋಡಿಯಂ ಪಂಪನ್ನು. ಪಂಪು ನಿಂತರೆ ಹೃದಯದ ಬಡಿತವೇ ತಪ್ತದೆ. ಹಾರ್ಟ್ ಪೇಶೆಂಟ್‌ಗಳಿಗೆ ಕೊಡುವ ಡಿಗಾಕ್ಸಿನ್ ಕೂಡ ಅದೇ ಪಂಪಿನ ಮೇಲೆ ಕೂತುಕೊಳ್ಳುವುದು, ಡೋಸ್ ಲೆಕ್ಕ ಮಾತ್ರ ಭಾರಿ ಜಾಗ್ರತೆ ಬೇಕು.

ಧಾರವಾಡ ಸಿಸ್ಟರ್:
ನಾ ವಾರ್ಡಿನ್ಯಾಗ ಕೆಲಸ ಮಾಡಾಕಿ. ಇಷ್ಟೆಲ್ಲಾ ಥಿಯರಿ ಓದಿ ಖುಷಿ ಆತು, ಆದ್ರ ಮಂದಿ ಮಾಡೋ ತಪ್ಪು ಬ್ಯಾರೇನ ಅದಾವ. ಒಂದು, ಓಆರ್‌ಎಸ್ ಕುಡಿಸಿದ ಮ್ಯಾಲೆ ಭೇದಿ ನಿಲ್ಲಲಿಲ್ಲ ಅಂತ ಬಿಟ್ಟುಬಿಡ್ತಾರ. ಅದು ಭೇದಿ ನಿಲ್ಲಿಸೋ ಔಷಧ ಅಲ್ರೀ! ಮ್ಯಾಲೆ ಹೇಳ್ಯಾರಲ್ಲ, ಕ್ಲೋರೈಡ್ ಚಾನೆಲ್ ತೆರೆದೇ ಇರ್ತೈತಿ ಅಂತ, ಅದನ್ನ ಓಆರ್‌ಎಸ್ ಮುಚ್ಚಂಗಿಲ್ಲ. ಹೋಗೂದು ಹೋಗ್ತಿರ್ತೈತಿ, ಅದಕ್ಕಿಂತ ಜಾಸ್ತಿ ಒಳಗ ಹಾಕಬೇಕು, ಲೆಕ್ಕ ಅಷ್ಟ. ಎರಡನೇದು, ಒಂದು ಲೀಟರಿನ ಪಾಕೀಟು ತಗೊಂಡು ಒಂದು ಗ್ಲಾಸಿಗೆ ಕಲಸ್ತಾರ, ಗಟ್ಟಿ ಇದ್ರ ಚಲೋ ಅಂತ. ಅಷ್ಟು ಗಟ್ಟಿ ಆದ್ರ ರಕ್ತಕ್ಕಿಂತ ಎಷ್ಟೋ ಪಟ್ಟು ಸಾಂದ್ರ ಆಗ್ತೈತಿ, ನೀರು ಉಲ್ಟಾ ರಕ್ತದಿಂದ ಕರುಳಿಗೆ ಇಳೀತೈತಿ, ಕೂಸಿನ ಮೈಯಾಗ ಉಪ್ಪೂ ಏರ್ತೈತಿ. ಪಾಕೀಟ್ ಮ್ಯಾಲೆ ಬರೆದಷ್ಟು ನೀರು ಅಂದ್ರ ಅಷ್ಟ ನೀರು. ವಾಂತಿ ಆದ್ರ ಹತ್ತು ನಿಮಿಷ ಬಿಟ್ಟು ಚಮಚದಿಂದ ಮೆಲ್ಲಕ ಹಾಕ್ರಿ. ಎದೆಹಾಲು ನಿಲ್ಲಿಸಬ್ಯಾಡ್ರಿ. ಝಿಂಕ್ ಗುಳಿಗಿ ಬರಕೊಟ್ಟಿದ್ರ ಹತ್ತರಿಂದ ಹದಿನಾಕು ದಿನ ಪೂರ್ತಿ ಕೊಡ್ರಿ, ಭೇದಿ ನಿಂತ ಕೂಡ್ಲೆ ಬಿಡೋದಲ್ಲ.

ಕೂಸು ಕುಡಿಯಾಕ ಒಲ್ಲೆ ಅಂತೈತಿ, ಮಂಪರಿನ್ಯಾಗ ಐತಿ, ಕಣ್ಣು ಒಳಗ ಹೋಗ್ಯಾವ ಅಂದ್ರ ಇಲ್ಲಿ ಕಮೆಂಟ್ ಓದಕೋತ ಕೂಡ್ರಬ್ಯಾಡ್ರಿ, ದವಾಖಾನಿಗೆ ಓಡ್ರಿ.

ಇತಿಹಾಸದ ಹುಚ್ಚ:
ಬಂಗಾಳದ ಕ್ಯಾಂಪಿನ ಕಥೆ ಯಾರೂ ಹೇಳ್ಲಿಲ್ವಲ್ಲ. 1971, ಬಾಂಗ್ಲಾ ಯುದ್ಧ, ಲಕ್ಷಾಂತರ ಜನ ಗಡಿ ದಾಟಿ ಬನಗಾಂವ್‌ಗೆ ಬಂದ್ರು, ಕಾಲರಾ ಹಬ್ಬಿತು, ಆಸ್ಪತ್ರೇಲಿ ನೆಲದ ಮೇಲೆಲ್ಲ ರೋಗಿಗಳು, ಸಲೈನ್ ಬಾಟ್ಲು ಖಾಲಿ ಆಗ್ತಾ ಬಂತು. ಡಾಕ್ಟರ್ ದಿಲೀಪ್ ಮಹಾಲನಬೀಸ್ ಕಲ್ಕತ್ತಾದ ತಮ್ಮ ಸಂಶೋಧನಾ ಕೇಂದ್ರದಿಂದ ಹೋಗಿದ್ರು. ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಪೊಟ್ಟಣ ಕಟ್ಟಿಸಿ, ಡ್ರಮ್ಮಲ್ಲಿ ಕಲಸಿ ನಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ರು. ಅಲ್ಲಿ ಸಾವು ಶೇಕಡಾ 30ರ ಆಸುಪಾಸಿನಿಂದ 3.6ಕ್ಕೆ ಇಳೀತು. ಅದಕ್ಕೂ ಮೂರು ವರ್ಷ ಮೊದ್ಲು ಢಾಕಾದಲ್ಲಿ ನಲಿನ್ ಮತ್ತು ಕ್ಯಾಶ್ ಅನ್ನೋ ಇಬ್ಬರು ಅಮೆರಿಕನ್ ಡಾಕ್ಟ್ರು ಬಾಯಿಂದ ಕೊಡೋ ಗ್ಲೂಕೋಸ್ ಉಪ್ಪಿನ ನೀರು ಕಾಲರಾಗೆ ಕೆಲ್ಸ ಮಾಡುತ್ತೆ ಅಂತ ಆಸ್ಪತ್ರೆ ಮಟ್ಟದಲ್ಲಿ ತೋರಿಸಿದ್ರು, ಆದ್ರೆ ಟ್ರೈನಿಂಗ್ ಇಲ್ಲದ ಜನ ಕುಡಿಸಿದ್ರೂ ನಡೆಯುತ್ತೆ ಅನ್ನೋದಕ್ಕೆ ಕಣ್ಣಾರೆ ಸಾಕ್ಷಿ ಸಿಕ್ಕಿದ್ದು ಬನಗಾಂವಲ್ಲೇ. ಮಹಾಲನಬೀಸ್ 2022ರ ಅಕ್ಟೋಬರಲ್ಲಿ ತೀರಿಕೊಂಡ್ರು, 2023ರಲ್ಲಿ ಪದ್ಮವಿಭೂಷಣ ಬಂತು. ನಮ್ಮಲ್ಲಿ ಇದೇ ಹಣೆಬರಹ.

ಅಡ್ಡಪ್ರಶ್ನೆ:
22 ಗ್ರಾಂ ಇದ್ದಿದ್ದು ಈಗ 13.5 ಹೇಗಾಯ್ತು? ಸಕ್ಕರೆ ಬಾಗಿಲು ತೆಗೆಯುತ್ತೆ ಅಂದ್ರೆ ಜಾಸ್ತಿ ಹಾಕಿದ್ರೆ ಇನ್ನೂ ಒಳ್ಳೇದಲ್ವಾ

ಲ್ಯಾಬ್ ಇಲಿ:
ಇಲ್ಲ, ಅಲ್ಲೇ ಇರೋದು ಸೂಕ್ಷ್ಮ. ಸಕ್ಕರೆ ಕರಗಿದ್ದೇ ಆದ್ರಿಂದ ಅದೂ ನೀರನ್ನ ತನ್ನ ಕಡೆ ಎಳೆಯುತ್ತೆ, ವಾಹಕ ಎಷ್ಟು ವೇಗವಾಗಿ ತಗೊಳ್ಳುತ್ತೆ ಅನ್ನೋದಕ್ಕೂ ಒಂದು ಮಿತಿ ಇದೆ. ಆ ಮಿತಿ ದಾಟಿ ಹಾಕಿದ ಗ್ಲೂಕೋಸ್ ಕರುಳಲ್ಲೇ ಉಳಿದು ನೀರನ್ನ ಹಿಡ್ಕೊಂಡು ಕೂತ್ಕೊಳ್ಳುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೇ ಸೂತ್ರದಲ್ಲಿ ಲೀಟರಿಗೆ ಸೋಡಿಯಂ 90 ಮಿಲಿಮೋಲ್, ಗ್ಲೂಕೋಸ್ 111, ಒಟ್ಟು ಆಸ್ಮೊಲಾರಿಟಿ, ಅಂದ್ರೆ ಕರಗಿದ ಎಲ್ಲಾ ಕಣಗಳ ಲೆಕ್ಕ, 311. ರಕ್ತದ್ದು 290 ಆಸುಪಾಸು, ಅಂದ್ರೆ ದ್ರಾವಣವೇ ಸ್ವಲ್ಪ ಗಟ್ಟಿ. 2002ರಲ್ಲಿ ಬದಲಾಯಿಸಿದ್ರು: ಸೋಡಿಯಂ 75, ಗ್ಲೂಕೋಸ್ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10, ಒಟ್ಟು 245. ರಕ್ತಕ್ಕಿಂತ ತೆಳು, ಆದ್ರಿಂದ ನೀರು ತಾನಾಗೇ ರಕ್ತದ ಕಡೆ ವಾಲುತ್ತೆ, ಜೊತೆಗೆ ವಾಹಕದ ಕೆಲ್ಸವೂ ನಡೆಯುತ್ತೆ. ಈ ಹೊಸ ಸೂತ್ರದಿಂದ ಮಕ್ಕಳಿಗೆ ಮಧ್ಯದಲ್ಲಿ ಸಲೈನ್ ಹಾಕ್ಬೇಕಾಗಿ ಬರೋದು ಮೂರನೇ ಒಂದು ಭಾಗ ಕಮ್ಮಿ ಆಯ್ತು.

ಕುಡ್ಲದ ಮಾಣಿ:
ಇದೇ ಲೆಕ್ಕ ಹಿಡಿದು ಜ್ಯೂಸ್ ನೋಡಿ ಮಾರಾಯ್ರೇ. ನಾನು ಮೆಡಿಕಲ್ ಶಾಪಿನಲ್ಲಿ ಕೂತವನು, ಭೇದಿ ಅಂತ ಬಂದವರು ಟೆಟ್ರಾ ಪ್ಯಾಕಿನ ಸಿಹಿ ಡ್ರಿಂಕ್ ಕೇಳುವುದು, ಪುಡಿ ಕೊಟ್ಟರೆ ಮುಖ ಸಿಂಡರಿಸುವುದು. ಆ್ಯಪಲ್ ಜ್ಯೂಸು, ಕೋಲಾ ಎಲ್ಲ 600, 700 ಆಸ್ಮೊಲಾರಿಟಿವರೆಗೂ ಹೋಗ್ತವೆ, ಸೋಡಿಯಂ ಮಾತ್ರ ಹೆಸರಿಗೆ. ಅದರ ಮೇಲೆ ಹಣ್ಣಿನ ರಸದ ಸಕ್ಕರೆಯಲ್ಲಿ ಅರ್ಧಕ್ಕರ್ಧ ಫ್ರಕ್ಟೋಸು, ಅದು ಹೋಗುವುದು ಗ್ಲುಟ್5 ಅನ್ನುವ ಬೇರೆ ದಾರಿಯಲ್ಲಿ, ಅದಕ್ಕೆ ಸೋಡಿಯಂ ಬೇಡವೇ ಬೇಡ, ಹಾಗಾಗಿ ಅದು ಸೋಡಿಯಮ್ಮನ್ನು ಎಳೆದುಕೊಂಡೂ ಹೋಗುದಿಲ್ಲ. ಭೇದಿ ಜಾಸ್ತಿಯೇ ಆಗ್ತದೆ. ಎಳನೀರು ಒಳ್ಳೆಯದೇ, ಬೇಡ ಅನ್ನುದಿಲ್ಲ ನಾನು, ಆದರೆ ಅದರಲ್ಲಿ ಪೊಟ್ಯಾಸಿಯಂ ಬೇಕಾದಷ್ಟು ಉಂಟು, ಸೋಡಿಯಂ ಕಮ್ಮಿ, ಓಆರ್‌ಎಸ್‌ಗೆ ಬದಲಿ ಅಲ್ಲ.

ಓಆರ್‌ಎಸ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದು ಒಳಗೆ ಸಿಹಿನೀರು ಮಾರುವುದಕ್ಕೆ 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ತಡೆ ಹಾಕಿತಲ್ಲ, ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಅದರ ಹಿಂದೆ ಬಿದ್ದದ್ದರ ಫಲ. ಸೂತ್ರ ಓದಿ ತಗೊಳ್ಳಿ: ಒಂದು ಲೀಟರಿಗೆ 20.5 ಗ್ರಾಂ ಪುಡಿ, ಅದರಲ್ಲಿ ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಉಳಿದದ್ದು ಗ್ಲೂಕೋಸ್.

ಗಂಜಿ ಪಕ್ಷ:
ಇಷ್ಟೆಲ್ಲಾ ಪ್ರಾಗ್ ಢಾಕಾ ಸುತ್ತಿ ಬಂದ್ರಿ, ನಮ್ಮ ಅಜ್ಜಿ ಉಪ್ಪು ಹಾಕಿದ ಗಂಜಿ ತಿಳಿ ಕೊಡ್ತಿದ್ರು, ಅದನ್ನೇ ಫಾರಿನ್‌ನವರು ಪ್ಯಾಕೆಟ್ ಮಾಡಿದ್ದು.

ಧಾರವಾಡ ಸಿಸ್ಟರ್:
ಅಜ್ಜಿ ಗಂಜಿ ಕೊಟ್ಟಿದ್ದು ಖರೆ. ಭೇದಿ ಆದಾಗ ನೀರು ಕೊಡಬ್ಯಾಡ್ರಿ ಹೊಟ್ಟಿ ಒಣಗಲಿ ಅಂದಾಕಿನೂ ಅಜ್ಜಿನೇ. ಎರಡೂ ಹೇಳ್ರಿ.

ಲ್ಯಾಬ್ ಇಲಿ:
ಗಂಜಿಯಲ್ಲಿ ವಿಜ್ಞಾನ ಇದೆ, ತಳ್ಳಿಹಾಕೋ ಹಾಗಿಲ್ಲ. ಅಕ್ಕಿಯ ಪಿಷ್ಟ ಅಂದ್ರೆ ಸಾವಿರಾರು ಗ್ಲೂಕೋಸ್ ಒಂದೇ ಸರಪಳಿ, ನೀರನ್ನ ಎಳೆಯೋ ಲೆಕ್ಕದಲ್ಲಿ ಆ ಇಡೀ ಸರಪಳಿ ಒಂದೇ ಕಣ. ಕರುಳಲ್ಲಿ ಅದು ಮೆಲ್ಲಗೆ ಒಡೆದ ಹಾಗೆ ಗ್ಲೂಕೋಸು ಬಿಡ್ತಾ ಹೋಗುತ್ತೆ, ಬಿಟ್ಟ ತಕ್ಷಣ ವಾಹಕ ತಗೊಂಡುಬಿಡುತ್ತೆ, ಹಾಗಾಗಿ ಆಸ್ಮೊಲಾರಿಟಿ ಏರದೇನೇ ಬೇಕಾದಷ್ಟು ಗ್ಲೂಕೋಸ್ ಸಿಗುತ್ತೆ. ಅಕ್ಕಿ ಹಿಟ್ಟಿನ ಓಆರ್‌ಎಸ್ ಅಂತಾನೇ ಇದೆ, ಕಾಲರಾ ರೋಗಿಗಳಲ್ಲಿ ಹಳೇ ಗ್ಲೂಕೋಸ್ ಸೂತ್ರಕ್ಕಿಂತ ಭೇದಿಯ ಪ್ರಮಾಣ ಕಮ್ಮಿ ಮಾಡುತ್ತೆ. ಮನೆ ಗಂಜಿಯ ತೊಂದ್ರೆ ಒಂದೇ, ಉಪ್ಪಿನ ಅಳತೆ ಕೈ ಮೇಲೆ ಹೋಗುತ್ತೆ. ಪ್ಯಾಕೆಟ್ ಸಿಗದೇ ಇದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲಾ ಮಟ್ಟಸವಾಗಿ, ಗುಡ್ಡೆ ಮಾಡಿ ಅಲ್ಲ.

ವೀಕೆಂಡ್ ಜೀವಿ:
ನೀರಿಗೆ ಪಂಪ್ ಇಲ್ಲ ಅಂದ್ರಿ, ಆದ್ರೆ ಆಕ್ವಾಪೊರಿನ್ ಅಂತ ನೀರಿಗೇ ಮೀಸಲಾದ ಪ್ರೋಟೀನ್ ಇದೆಯಲ್ಲ, ಅದಕ್ಕೆ ನೊಬೆಲ್ ಕೂಡ ಬಂದಿದೆ

ಲ್ಯಾಬ್ ಇಲಿ:
ಇದೆ, ಆದ್ರೆ ಅದು ದಾರಿ, ಪಂಪ್ ಅಲ್ಲ. ಎಟಿಪಿ ಬಳಸಲ್ಲ, ಯಾವ ಕಡೆ ಹೋಗ್ಬೇಕು ಅನ್ನೋದನ್ನೂ ನಿರ್ಧಾರ ಮಾಡಲ್ಲ. ಪೀಟರ್ ಆಗ್ರೆ 1992ರಲ್ಲಿ ಕಪ್ಪೆಯ ಮೊಟ್ಟೆಗೆ ಈ ಪ್ರೋಟೀನ್ ಬರೋ ಹಾಗೆ ಮಾಡಿ ತೆಳು ದ್ರಾವಣದಲ್ಲಿ ಹಾಕಿದ್ರು, ಮಾಮೂಲಿ ಮೊಟ್ಟೆ ಸುಮ್ಮನಿತ್ತು, ಇದು ಊದಿ ಒಡೀತು. 2003ರಲ್ಲಿ ನೊಬೆಲ್, ಪೊಟ್ಯಾಸಿಯಂ ಚಾನೆಲ್‌ನ ರಚನೆ ಬಿಡಿಸಿದ ರಾಡರಿಕ್ ಮೆಕಿನನ್ ಜೊತೆ ಹಂಚಿಕೊಂಡ್ರು. ಇದರ ಅಸಲಿ ಆಟ ಕಿಡ್ನಿಯಲ್ಲಿ, ಮೈಯಲ್ಲಿ ನೀರು ಕಮ್ಮಿ ಆದಾಗ ವಾಸೊಪ್ರೆಸಿನ್ ಹಾರ್ಮೋನ್ ಬಂದು ಆಕ್ವಾಪೊರಿನ್‌ಗಳನ್ನ ಕೋಶದೊಳಗಿಂದ ತಂದು ಪೊರೆಗೆ ಜೋಡಿಸುತ್ತೆ, ನೀರು ವಾಪಸ್ ಬರುತ್ತೆ, ಮೂತ್ರ ಹಳದಿ ಆಗುತ್ತೆ. ಆಲ್ಕೋಹಾಲ್ ಆ ಹಾರ್ಮೋನನ್ನೇ ತಡೆಯುತ್ತೆ, ನಿಮ್ಮ ಹೆಸರು ನೋಡಿದ್ರೆ ನಿಮಗೆ ಅನುಭವ ಇರಬೇಕು 🙂 ಸಣ್ಣ ಕರುಳಲ್ಲಿ ಮಾತ್ರ ನೀರು ನಿಖರವಾಗಿ ಯಾವ ದಾರಿಯಲ್ಲಿ ಎಷ್ಟು ಹೋಗುತ್ತೆ, ಕೋಶಗಳ ನಡುವಿನ ಸಂದಿಯಲ್ಲಾ, ಎಸ್‌ಜಿಎಲ್‌ಟಿ1 ಒಳಗಿಂದಲೇನಾ ಅಂತ ಸಂಶೋಧಕರು ಇವತ್ತಿಗೂ ಕಿತ್ತಾಡ್ತಾರೆ.

ವೀಕೆಂಡ್ ಜೀವಿ:
ಅನುಭವ ಇದೆ ಬಿಡಿ

ಪಿಯುಸಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಕೊನೇದಾಗಿ ನಮ್ಮ ಮನೆಯವರದೇ ಒಂದು ಪ್ರಶ್ನೆ, ನಮ್ಮ ಮಾವನಿಗೆ ಶುಗರ್ ಇದೆ. ಭೇದಿ ಆದ್ರೆ ಅವರಿಗೆ ಓಆರ್‌ಎಸ್ ಕೊಡಬಹುದಾ, ಇಲ್ಲ ಶುಗರ್‌ಫ್ರೀ ಹಾಕಿ ಮಾಡ್ಬೇಕಾ? ಡಪಾಗ್ಲಿಫ್ಲೋಜಿನ್ ಅಂತ ಮಾತ್ರೆ ತಗೋತಾರೆ.

ಕುಡ್ಲದ ಮಾಣಿ:
ಶುಗರ್‌ಫ್ರೀ ಹಾಕಿದರೆ ಪ್ರಯೋಜನವೇ ಇಲ್ಲ, ಆ ವಾಹಕಕ್ಕೆ ಗ್ಲೂಕೋಸೇ ಬೇಕು. ನಿಜವಾಗಿ ನೀರು ಹೋಗ್ತಾ ಇದ್ದರೆ ಲೀಟರಿಗೆ 13.5 ಗ್ರಾಂ ದೊಡ್ಡ ವಿಷಯ ಅಲ್ಲ, ಶುಗರ್ ಚೆಕ್ ಮಾಡ್ತಾ ಕೊಡಬಹುದು.

ಲ್ಯಾಬ್ ಇಲಿ:
ನಿಮ್ಮ ಮಾವನ ಮಾತ್ರೆ ಇದೇ ಎಸ್‌ಜಿಎಲ್‌ಟಿ ಕುಟುಂಬದ ಮೇಲೆ ಕೆಲ್ಸ ಮಾಡೋದು ಅಂತ ಗೊತ್ತಾ? ಕಿಡ್ನಿ ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನ ಸೋಸಿ ಕೆಳಗೆ ಬಿಡುತ್ತೆ, ಅದರಲ್ಲಿ ಹತ್ತಿರ ಹತ್ತಿರ ಶೇಕಡಾ 90ನ್ನ ಎಸ್‌ಜಿಎಲ್‌ಟಿ2 ಅನ್ನೋ ಸೋದರ ವಾಹಕ ಸೋಡಿಯಂ ಜೊತೆ ವಾಪಸ್ ಎಳ್ಕೊಳ್ಳುತ್ತೆ. ಮಾತ್ರೆ ಅದನ್ನ ತಡೆಯುತ್ತೆ, ಸಕ್ಕರೆ ಮೂತ್ರದಲ್ಲಿ ಹೋಗುತ್ತೆ, ಹೋಗುವಾಗ ನೀರನ್ನೂ ಕರ್ಕೊಂಡು ಹೋಗುತ್ತೆ. ಈ ಮಾತ್ರೆಗಳ ಮೂಲ ಫ್ಲೋರಿಜಿನ್, 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದದ್ದು. ಕರುಳಿನ ಎಸ್‌ಜಿಎಲ್‌ಟಿ1ನ್ನ ಈ ಮಾತ್ರೆ ಹೆಚ್ಚುಕಮ್ಮಿ ಮುಟ್ಟಲ್ಲ, ಅದಕ್ಕೆ ಓಆರ್‌ಎಸ್ ಕೆಲ್ಸ ಮಾಡುತ್ತೆ.

ಆದ್ರೆ ಒಂದು ಕಡೆ ಭೇದಿಯಲ್ಲಿ ನೀರು ಹೋಗ್ತಿರುವಾಗ ಇನ್ನೊಂದು ಕಡೆ ಮಾತ್ರೆಯಿಂದ ಮೂತ್ರದಲ್ಲೂ ಹೋಗೋದು ಬೇಡ, ಊಟ ಬಿಟ್ಟಿದ್ರೆ ಕೀಟೋಆಸಿಡೋಸಿಸ್, ಅಂದ್ರೆ ರಕ್ತದಲ್ಲಿ ಆಮ್ಲ ಏರೋ ಅಪಾಯ ಬೇರೆ. ವಾಂತಿ ಭೇದಿ ಇರೋ ದಿನಗಳಲ್ಲಿ ಇದನ್ನ ತಾತ್ಕಾಲಿಕವಾಗಿ ನಿಲ್ಲಿಸೋಕೆ ಡಾಕ್ಟ್ರು ಸಾಮಾನ್ಯವಾಗಿ ಹೇಳ್ತಾರೆ. ಇನ್ಸುಲಿನ್ ತಗೋತಾ ಇದ್ರೆ ಅದನ್ನ ಮಾತ್ರ ತಾವಾಗೇ ನಿಲ್ಲಿಸ್ಬಾರ್ದು. ಮುಂದಿನ ಸಲ ಚೆಕಪ್‌ಗೆ ಹೋದಾಗ ಕೇಳಿ ಚೀಟಿ ಹಿಂದೆ ಬರೆಸ್ಕೊಂಡು ಇಟ್ಕೊಳ್ಳಿ.

ಪಿಯುಸಿ ಅಮ್ಮ:
ಶನಿವಾರ ಅಪಾಯಿಂಟ್‌ಮೆಂಟ್ ಇದೆ, ಕೇಳ್ತೀನಿ. ಮಗಳು ಈಗ ಆಕ್ವಾಪೊರಿನ್ ಹಿಂದೆ ಬಿದ್ದಿದ್ದಾಳೆ, ಫಿಸಿಕ್ಸ್ ಟೆಸ್ಟ್ ನಾಳೆ ಇರೋದು.